ಒಂಬತ್ತನೆಯ ಮಂಗಳಾಷ್ಟಕ

ವಂದನಾ ಪದ್ಯ ಕಟ್ಟುವುದು ಚಪಾತಿ ಲಟ್ಟಿಸುತ್ತ. ಲಟ್ಟಣಿಗೆ ಒಮ್ಮೆ ಉರುಳಿದರೆ ಒಂದು ಅಕ್ಷರ. ಹತ್ತೊಂಬತ್ತಾದರೆ ಒಂದು ಸಾಲು. ಆಕೆಯ ಗಂಡ ಶಿರೀಷ ಬಾಗಲಕೋಟೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಾನೆ. ಇಪ್ಪತ್ತೆರಡು ವರ್ಷ ಅವನು ವೇದಿಕೆಯ ಮೇಲೆ ಓದಿದ ಸ್ವಾಗತಗೀತೆ, ನಿವೃತ್ತರಿಗೆ ಅರ್ಪಿಸಿದ ಬಿನ್ನವತ್ತಳೆ, ಬಳಗದ ಮದುವೆಗಳಲ್ಲಿ ಹೇಳಿದ ಮಂಗಳಾಷ್ಟಕ ಎಲ್ಲವೂ ಈ ಹಿಟ್ಟಿನ ಕೈಯಿಂದಲೇ ಬಂದವು. ಮಂಗಳಾಷ್ಟಕದ ಕೊನೆಯ ಸಾಲಿನಲ್ಲಿ ಬರೆದವರ ಹೆಸರು ಸೇರಿಸುವುದು ಅವರ ಬಳಗದ ರೂಢಿ. ಅಲ್ಲಿ ಆಕೆ ಪ್ರತಿ ಸಲ ಶಿರೀಷ ಎಂದೇ ಬರೆದಳು.

ನಾದಿನಿಯ ಮಗಳು ಪ್ರಾಚಿಯ ಮದುವೆ ಗೊತ್ತಾದಾಗ ಕೈ ತಡೆಯಿತು.

“ಈ ಸಲ ನನ್ನ ಹೆಸರು ಹಾಕ್ತೇನ್ರಿ.”

“ಮಂದಿ ಏನಂತಾರ? ಇಷ್ಟು ವರ್ಷ ಇಂವಾ ಏನ್ ಮಾಡ್ತಿದ್ದಾ ಅಂತಾರ.”

“ಚಾ ಕುಡೀತಿದ್ದೆ ಅಂತ ಖರೆ ಹೇಳ್ರಿ.”

ಶಿರೀಷ ನಕ್ಕ. ಹೆಸರು ಬದಲಾಗಲಿಲ್ಲ. ಅಂದಿನಿಂದ ಆಕೆಗೆ ಒಂದು ಕಡೆ ಕೂರಲಾಗಲಿಲ್ಲ. ಒರೆಸಿದ ಕಟ್ಟೆಯನ್ನೇ ಒರೆಸಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಮದುವೆ ಚೊಳಚಗುಡ್ಡದಲ್ಲಿ. ವಧೂವರರ ನಡುವೆ ಅಂತರಪಟ ಹಿಡಿದಾಗ ವಂದನಾ ಹಿಂದಿನ ಕೋಣೆಯಲ್ಲಿ ಬೀಗರ ಹೆಂಗಸರ ಉಡಿ ತುಂಬಲು ಗುಳೇದಗುಡ್ಡದ ಖಣ, ಕೊಬ್ಬರಿ ಬಟ್ಟಲು ಜೋಡಿಸುತ್ತಿದ್ದಳು. ಆಕೆಯ ಸಾಲುಗಳು ಗಂಡನ ದನಿಯಲ್ಲಿ ಮೈಕಿನಿಂದ ಬರುತ್ತಿದ್ದವು. ಎಷ್ಟು ಅವಸರದಲ್ಲಿ ಓದುತ್ತಾನೆ! ಎಂಟನೆಯ ಪದ್ಯವೂ ಮುಗಿಯಿತು, ಅವನ ಹೆಸರೂ ಬಂದುಹೋಯಿತು.

“ಇನ್ನೂ ಮೂರು ನಿಮಿಷ ಅದ, ಸರ,” ಎಂದರು ಪುರೋಹಿತ ಪಂಢರೀನಾಥಾಚಾರ್ಯರು. “ಮುಹೂರ್ತದ ತನಕಾ ನಿಲ್ಲಿಸೋ ಹಂಗಿಲ್ಲ. ಇನ್ನೊಂದು ಹೇಳ್ರಿ. ಕವಿಗಳು ನೀವು!”

ಮೈಕಿನಲ್ಲಿ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿ ಬಂತು: “ವಂದನಾ, ಲಗೂನ ಬಾ.”

ಅರಿಶಿನದ ಕೈಯಲ್ಲೇ ಆಕೆ ಓಡಿ ಬಂದಳು. ಶಿರೀಷ ಪಿಸುಗುಟ್ಟಿದ: “ನೀ ಕಿವ್ಯಾಗ ಹೇಳು, ನಾ ಓದ್ತೇನಿ.”

“ಅಷ್ಟು ಹೊತ್ತೆಲ್ಲಿ ಅದ? ಮೈಕು ಕೊಡ್ರಿ.”

ಅಂತರಪಟದ ಹಿಂದಿನಿಂದ ಮದುಮಗಳು ಕೂಗಿದಳು: “ಕೊಡ್ರಿ ಮಾಮಾ ಮಾಮಿಗೆ! ಮಾಲಿ ಹಿಡದು ಕೈ ಸೋತಾವ!”

ಮಂದಿ ನಕ್ಕರು. ಮೈಕು ಕೈಗೆ ಬಂತು. ದೇವರು, ಹಿರಿಯರು, ಸೋದರಮಾವ, ಕೊನೆಗೆ ಬರೆದವರು: ಇದು ಸಾಲುಗಳ ಕ್ರಮ. ಆದರೆ ಯಾವ ಗಳಿಗೆಯಲ್ಲಾದರೂ ವಾದ್ಯ ಮೊಳಗಬಹುದು. ವಂದನಾ ಉಸಿರೆಳೆದುಕೊಂಡು ರಾಗ ಎತ್ತಿದಳು:

“ಈ ಪದ್ಯಂಗಳ ಕಟ್ಟಿದಾಕೆ ಇವಳೇ ನಿಂತಿರ್ಪಳೀ ವಂದನಾ…”

ಎರಡನೆಯ ಸಾಲಿಗೆ ಬನಶಂಕರಿ ಬಂದಳು. ಮೂರನೆಯದರಲ್ಲಿ ಹಿರಿಯರು ಬರುವಷ್ಟರಲ್ಲಿ ಆಚಾರ್ಯರು ಕೈ ಎತ್ತಿದರು, ವಾದ್ಯ ಮೊಳಗಿತು, ಅಕ್ಷತೆ ಬಿತ್ತು.

ಅತ್ತೆ ತುಳಸೀಬಾಯಿ ಪಕ್ಕಕ್ಕೆ ಬಂದು ನಿಂತರು. “ಹಿರಿಯರಿಗಿಂತ ಮೊದಲ ನಿಂದ ಹೆಸರೇನ?”

“ಕಡೀಕ ಇಟ್ಟಿದ್ರ ಕೇಳಿಸ್ತಿರಲಿಲ್ರಿ,” ಎಂದಳು ವಂದನಾ. ಮೈಕು ಇನ್ನೂ ಕೈಯಲ್ಲಿತ್ತು. ಮಾತು ಇಡೀ ಮಂಟಪಕ್ಕೆ ಕೇಳಿಸಿತು.