ಹದಿನಾರನೇ ಗೋಲಿ

ನಮ್ಮ ಯಜಮಾನರು ಮಹಾಲಿಂಗಯ್ಯ ಬಟವಾಡಿಯ ಸಾಮಿಲ್ಲಿನಲ್ಲಿ ಮೂವತ್ತು ವರ್ಷ ಮರ ಕುಯ್ದರು. ಓದಿದ್ದು ಮೂರನೇ ಕ್ಲಾಸು. ನಾನು ಅದಕ್ಕಿಂತ ಒಂದು ಕಮ್ಮಿ. ಹೋದ ಭಾದ್ರಪದದಲ್ಲಿ ತೀರಿಕೊಂಡರು. ಎದೆನೋವು, ಅರ್ಧ ಗಂಟೆ, ಅಷ್ಟೇ.

ಒಂದು ಸಲ ಹಲಗೆ ಕುಯ್ಸಲು ಬಂದ ಲೆಕ್ಚರರೊಬ್ಬರು ಅವರಿಗೆ ಹೇಳಿದರಂತೆ: ಕಂಪ್ಯೂಟರಿಗೆ ಗೊತ್ತಿರೋದು ಸೊನ್ನೆ ಮತ್ತು ಒಂದು ಮಾತ್ರ. ಮುನ್ನೂರು ವರ್ಷದ ಹಿಂದೆಯೇ ಜರ್ಮನಿಯ ಲೈಬ್ನಿಟ್ಸ್ ಎಂಬುವರು ಅವೆರಡರಲ್ಲೇ ಲೆಕ್ಕ ಮಾಡುವ ಗೋಲಿ ಯಂತ್ರ ಯೋಚಿಸಿದ್ದರು. ಆದರೆ ಅದನ್ನು ಕಟ್ಟಿದ ಹಾಗೆ ಕಾಣೋದಿಲ್ಲ.

ಅವತ್ತು ಇವರು ಚಪ್ಪಲಿ ಬಿಡದೆ ಒಳಕ್ಕೇ ಬಂದರು.

“ಲೇ ಗಂಗಾ, ಅಷ್ಟು ದೊಡ್ಡ ಮನ್ಷ ಕಟ್ಟಲಿಲ್ವಂತೆ ಕಣೇ! ನಾನು ಕಟ್ತೀನಿ.”

“ಮೊದ್ಲು ಬಚ್ಚಲಿಗೆ ಬಾಗಿಲು ಮಾಡಿ,” ಅಂದೆ.

ಬಚ್ಚಲಿಗೆ ಇವತ್ತಿಗೂ ಬಾಗಿಲಿಲ್ಲ. ಯಂತ್ರಕ್ಕೆ ಎರಡು ವರ್ಷ ಹಿಡಿಯಿತು. ಇಳಿಜಾರು ಹಲಗೆ, ಅದರ ಮೇಲೆ ಅತ್ತಿತ್ತ ಮಗುಚುವ ನಾಲ್ಕು ಮರದ ಪಟ್ಟಿ. ಎಡಕ್ಕೆ ವಾಲಿದರೆ ಸೊನ್ನೆ. ಬಲಕ್ಕೆ ವಾಲಿದರೆ ಮೊದಲನೆಯದರ ಬೆಲೆ ಒಂದು, ಆಮೇಲೆ ಎರಡು, ನಾಲ್ಕು, ಎಂಟು. ಎಡಕ್ಕಿರುವ ಪಟ್ಟಿಗೆ ಗೋಲಿ ಬಿದ್ದರೆ ಅದು ಬಲಕ್ಕೆ ಮಗುಚಿ ಗೋಲಿಯನ್ನು ಕೆಳಗಿನ ಡಬ್ಬಿಗೆ ಬಿಡುತ್ತದೆ, ಬಲಕ್ಕಿರುವುದಕ್ಕೆ ಬಿದ್ದರೆ ಎಡಕ್ಕೆ ಮಗುಚಿ ಮುಂದಿನ ಪಟ್ಟಿಗೆ ದಾಟಿಸುತ್ತದೆ. ಕೂಡಿದರೆ ಎಷ್ಟು ಗೋಲಿ ಬಿತ್ತು ಅಂತ ತಿಳಿಯುತ್ತದೆ. ಮುಗಿಸಿದ ವಾರಕ್ಕೇ ಹೋದರು.

ಡಿಸೆಂಬರಿನ ಗಣಿತ ದಿನಕ್ಕೆ ಯಂತ್ರ ತನ್ನಿ ಅಂತ ಸುದ್ದಿ ತಿಳಿದ ಚೇಳೂರಿನ ಒಂದು ಶಾಲೆಯ ಟೀಚರ್ ಸುಮನಾ ಕೇಳಿದರು.

“ಸರಿಯಾಗಿ ಎಣಿಸಿದ್ರೆ ಶಾಲೇಲೇ ಇಟ್ಕೋತೀವಿ ಅಮ್ಮ.”

ನಮ್ಮವರು ಮಾಡಿದ್ದೊಂದು ಹತ್ತು ಜನ ನೋಡುವ ಕಡೆ ಇರಲಿ ಅಂತ ನನಗೂ ಆಸೆ. ಮೈದುನ ಚನ್ನೇಶನ ಆಟೋದಲ್ಲಿ ಶಾಲೆಗೆ ತಂದೆ.

ಮೂರು ಗೋಲಿವರೆಗೆ ಸರಿ. ನಾಲ್ಕನೆಯದು ಮೂರನೇ ಪಟ್ಟಿಗೆ ಹೋಗಿ ಅಲ್ಲೇ ನಿಂತಿತು. ಪಟ್ಟಿ ಮಗುಚಲಿಲ್ಲ.

“ನಾಲ್ಕು ಹಾಕಿದ್ರೆ ಸೊನ್ನೆ ತೋರಿಸ್ತೈತೆ!” ಮಕ್ಕಳು ನಕ್ಕವು.

“ಬುಡಿ ಅತ್ತಿಗೆ, ಮರ್ಯಾದೆ ಇರೋವಾಗ್ಲೇ ಎತ್ಕೊಂಡ್ ಹೋಗಣ,” ಅಂದ ಚನ್ನೇಶ.

“ನೀನು ಸುಮ್ಕಿರು.”

ಬಗ್ಗಿ ನೋಡಿದೆ. ಆ ಪಟ್ಟಿ ತಿರುಗುವ ಮೊಳೆ ಬೆಳ್ಳಗಿತ್ತು. ಆಯುಧಪೂಜೆ ದಿನ ಗರಗಸ, ಉಳಿ ಜೊತೆ ಇದಕ್ಕೂ ವಿಭೂತಿ ಬಳಿದಿದ್ದೆ. ಮೂರು ಗೆರೆ, ಚೆನ್ನಾಗಿ ಒದ್ದೆ ಮಾಡಿ. ಸಂದಿಗೆ ಇಳಿದು ಕಲ್ಲಾಗಿತ್ತು. ತಪ್ಪು ಅವರದಲ್ಲ, ನನ್ನದು! ಅಷ್ಟು ಖುಷಿ ಅವರು ಹೋದ ಮೇಲೆ ನನಗೆ ಆಗಿರಲಿಲ್ಲ.

ತಲೆಪಿನ್ನಿನಲ್ಲಿ ಕೆರೆದೆ. ಸೆರಗಿನಲ್ಲಿ ಒರೆಸಿದೆ. “ಮೊದ್ಲಿಂದ ಹಾಕ್ರೋ!”

ನಾಲ್ಕು. ಮೂರನೇ ಪಟ್ಟಿ ಬಲಕ್ಕೆ ಬಿತ್ತು! ಎಂಟು. ಹನ್ನೊಂದು. ಮಕ್ಕಳೇ ಕೂಗಿ ಕೂಗಿ ಕೂಡಿದವು. ಹದಿನೈದಕ್ಕೆ ನಾಲ್ಕೂ ಬಲಕ್ಕೆ ವಾಲಿದವು. ಹದಿನಾರನೆಯದನ್ನು ನಾನೇ ಬಿಟ್ಟೆ. ಟಕ್, ಟಕ್, ಟಕ್, ಟಕ್. ನಾಲ್ಕೂ ಎಡಕ್ಕೆ ಮಗುಚಿ ಗೋಲಿ ಡಬ್ಬಿಗೆ ಬಿತ್ತು.

“ಅದೂ ಸರೀನೇ! ಹದಿನಾರಕ್ಕೆ ಐದನೇ ಪಟ್ಟಿ ಬೇಕು,” ಅಂತ ಟೀಚರ್ ಚಪ್ಪಾಳೆ ತಟ್ಟಿದರು. ಕೊಠಡಿಗೆ ಕೊಠಡಿಯೇ ಕುಣಿಯಿತು. ನಾನೂ ಕೂಗಿದೆ. ಏನು ಕೂಗಿದೆನೋ.

ಸುಮನಾ ರಟ್ಟಿನ ಮೇಲೆ ಹೆಸರು ಬರೆಯಲು ಕೂತರು.

“ವಿಜ್ಞಾನಿ ಅಂತ ಬರೀರಿ ಮಿಸ್,” ಅಂದಳು ಮುಂದೆ ನಿಂತಿದ್ದ ಹುಡುಗಿ.

“ಬ್ಯಾಡ ಕಣವ್ವ,” ಅಂದೆ. “ಮಹಾಲಿಂಗಯ್ಯ, ಮರ ಕುಯ್ಯೋರು ಅಂತ ಬರೀರಿ. ದೊಡ್ಡದಾಗಿ ಬರೀರಿ.”