ಒಂದಾಳು ಸಂದು

ಚಿತ್ತಮ್ಮ ಕೆಲಸಕ್ಕೆ ಬಂದವಳೇ, ಬುತ್ತಿಯ ಗಂಟನ್ನು ಕೆಳಗಿಡುವ ಮೊದಲು, ಶೆಡ್ಡಿನ ಹಿಂಬಾಗಿಲಿಗೆ ಒಂದು ಒದೆ ಕೊಡುತ್ತಿದ್ದಳು. ತಗಡಿನ ಬಾಗಿಲು ಧಡಾರನೆ ಹೊರಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಆಚೆಯ ಬಯಲನ್ನು ಒಂದು ಗಳಿಗೆ ನೋಡಿ, ಬಾಗಿಲನ್ನು ಎಳೆದು ಮುಚ್ಚಿ, ಅಗುಳಿ ಹಾಕದೆ ಬಂದು ಪ್ರೆಸ್ಸಿನ ಮುಂದೆ ಕೂರುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕಡ್ಡಿಯಂಥ ಕಾಲು. ಒದೆ ಬಿದ್ದರೆ ಮಾತ್ರ ಸೂರಿನ ಧೂಳು ಉದುರುತ್ತಿತ್ತು. "ಚಿತ್ತಕ್ಕನ ಪೂಜೆ ಆಯ್ತು, ಇನ್ನು ಕರೆಂಟ್ ಹಾಕ್ರೇ" ಎಂದು ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಎಲ್ಲಾದರೂ ತಗಡಿನ ಸದ್ದು ಕೇಳಿದರೆ ನಾನು ಹಿಂಬಾಗಿಲು ಎಲ್ಲಿದೆ ಎಂದು ಹುಡುಕುತ್ತೇನೆ.

ಹೊಸದುರ್ಗದ ಹೊರಗೆ ಅಡಿಕೆ ಹಾಳೆಯ ತಟ್ಟೆ ಮಾಡುವ ಕಾರ್ಖಾನೆ ನಮ್ಮದು. ನಮ್ಮದು ಎಂದರೆ ಓನರದು. ಹೊಳಲ್ಕೆರೆ ಕಡೆಯಿಂದ ಹಾಳೆ ಲಾರಿಯಲ್ಲಿ ಬರುತ್ತಿತ್ತು. ತೊಳೆದು, ನೀರು ಬಸಿದು, ಪ್ರೆಸ್ಸಿನ ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಸ್ಟೋರು ನೋಡಿಕೊಳ್ಳುತ್ತಿದ್ದೆ. ಒಳಗೆ ಪ್ರೆಸ್ಸಿನ ಕೆಲಸಕ್ಕೆ ಚಿತ್ತಮ್ಮ ಸೇರಿ ಒಂಬತ್ತು ಹೆಂಗಸರು. ಚಿತ್ತಮ್ಮ ಶ್ರೀರಾಂಪುರದ ಆಚೆಯ ಹಟ್ಟಿಯವಳು, ಕುರಿ ಸಾಕುವ ಮನೆಯವಳು. ಪ್ರತಿ ಹಾಳೆಯನ್ನೂ ಮೂಸಿ ನೋಡಿಯೇ ಅಚ್ಚಿಗೆ ಇಡುತ್ತಿದ್ದಳು. ಬೂಸಲು ಹಿಡಿದ ವಾಸನೆ ಬಂದರೆ ಪಕ್ಕಕ್ಕೆಸೆಯುತ್ತಿದ್ದಳು. ಓನರ್ ಬೈದರೆ, "ಉಣ್ಣೋ ತಟ್ಟೆ ಸ್ವಾಮಿ ಇದು, ನಾಯಿಗೆ ಇಕ್ಕೋದಲ್ಲ" ಅನ್ನುವಳು.

ಹಿಂಬಾಗಿಲನ್ನು ಯಾಕೆ ಒದೆಯುತ್ತೀ ಎಂದು ಒಮ್ಮೆ ಕೇಳಿದೆ.

"ರೊಪ್ಪ ನೋಡೀಯೇನವ್ವ?" ಅಂದಳು. ರೊಪ್ಪವೆಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿ. "ಮುಂದ್ಲ ಬಾಗ್ಲು ಒಂದು ಇರ್ತೈತೆ. ಹಿಂದುಗಡೆ ಒಂದು ಕಡೆ ಮುಳ್ಳು ತೆಳ್ಳಗೆ ಹಾಕಿರ್ತೀವಿ. ಒದ್ರೆ ಬಿಚ್ಕೋಬೇಕು, ಒಂದಾಳು ತೂರೋವಷ್ಟು ಸಂದು. ತೋಳ ಬಂದ್ರೂ, ಬೆಂಕಿ ಬಿದ್ರೂ ಕುರಿ ಅಲ್ಲಿಂದ ಆಚೆಗೆ. ನಮ್ಮಪ್ಪ ದಿನಾ ಸಂಜೆ ಒದ್ದು ನೋಡೋನು. ಮುಳ್ಳು ಹೆಣೆದು ಗಟ್ಟಿಯಾಗಿದ್ರೆ ನಮ್ಮನ್ನೇ ಒದೆಯೋನು."

ನಾನು ಸೇರಿದಾಗ ತಟ್ಟೆಗಳನ್ನು ತೆಂಗಿನ ಹುರಿಯಲ್ಲಿ ಕಟ್ಟಿ ಕಳಿಸುತ್ತಿದ್ದರು. ಅಷ್ಟು ಸಾಲದು ಎಂದು ಮೇಲೆ ಪ್ಲಾಸ್ಟಿಕ್ ಬಿಗಿದರು. ಪ್ಲಾಸ್ಟಿಕ್ ಕಂಡರೆ ಕೊಳ್ಳುವವರು ಮುಖ ತಿರುಗಿಸುವ ಕಾಲ ಬಂತು. ಆಗ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ್ದು, ಮಣ್ಣಲ್ಲಿ ಕರಗುತ್ತದೆ ಎಂಬ ಕವರು ಬಂತು. ಅದರ ಸುತ್ತ ಕಂದು ಕಾಗದದ ಪಟ್ಟಿ, ಅದರ ಹೊರಗೆ ರಟ್ಟಿನ ಡಬ್ಬಿ.

ಚಿತ್ತಮ್ಮ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ತಟ್ಟೆಗೆ ಅಂಗಿ, ಅಂಗಿಗೆ ಕೋಟು, ಕೋಟಿಗೆ ಮನೆ. ನನ್ ಮಕ್ಕಳಿಗೂ ಇಷ್ಟು ಹೊದಿಸಿರ್ಲಿಲ್ಲ ಕಣವ್ವ."

ಕಾಗದದ ಪಟ್ಟಿಯ ಮೇಲೆ ಚಿತ್ರ ಬೇಕೆಂದು ಬೆಂಗಳೂರಿನಿಂದ ಫೋಟೋದವನು ಬಂದ. ತಟ್ಟೆ ಹಿಡಿದ ಕೈಗಳು ಬೇಕಂತೆ. ಚಿತ್ತಮ್ಮನ ಬಲಗೈ ಮಣಿಕಟ್ಟಿನಲ್ಲಿ ಚೇಳಿನ ಹಚ್ಚೆ ಇತ್ತು. ಅದೇ ಅವನಿಗೆ ಹಿಡಿಸಿತು. ಅವಳು ಸೋಪು ಹಚ್ಚಿ ಕೈ ತೊಳೆದು ಬಂದರೆ, "ಸ್ವಲ್ಪ ಮಣ್ಣು ಹಚ್ಕೊಳ್ಳಿ ಅಮ್ಮ, ನ್ಯಾಚುರಲ್ ಆಗಿ ಕಾಣುತ್ತೆ" ಅಂದ.

"ಅನ್ನ ಇಕ್ಕೋ ತಟ್ಟೆಗೆ ಮಣ್ಣಿನ ಕೈಯಾ? ನಿಮ್ಮವ್ವ ಹಂಗೇ ಇಕ್ತಿದ್ಲೇನಪ್ಪ?" ಎಂದಳು. ಅವನ ಮುಖ ಕೆಂಪಾಯಿತು. ಕೊನೆಗೆ ಓನರ್ ಕಣ್ಣು ಕೆಕ್ಕರಿಸಿದ ಮೇಲೆ ಮಣ್ಣು ಹಚ್ಚಿಕೊಂಡಳು.

ಮಣ್ಣಲ್ಲಿ ಕರಗುವ ಆ ಕವರನ್ನೂ ಅವಳು ಸುಮ್ಮನೆ ನಂಬಲಿಲ್ಲ. ಒಂದನ್ನು ಮನೆಗೆ ಒಯ್ದು ಕುರಿಗೊಬ್ಬರದ ತಿಪ್ಪೆಯಲ್ಲಿ ಹೂತಳು. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಹೊರಗಿನ ಖರೀದಿದಾರರು ಬಂದು ಕಾಫಿ ಕುಡಿಯುತ್ತಿದ್ದ ದಿನ ನೇರ ಮೇಜಿನ ಹತ್ತಿರ ಹೋಗಿ ಅದನ್ನು ಇಟ್ಟಳು. ಗೊಬ್ಬರ ಮೆತ್ತಿದ್ದು ಬಿಟ್ಟರೆ ಹಾಗೇ ಇತ್ತು. ಅಚ್ಚು ಹಾಕಿದ್ದ ಹಸಿರು ಎಲೆ ಕೂಡ ಮಾಸಿರಲಿಲ್ಲ.

ಓನರ್ ನಗುತ್ತಲೇ, ಅದು ಕರಗಲು ಬೇರೆ ಥರದ ಶಾಖ ಬೇಕು, ಅದಕ್ಕೆ ಪ್ರತ್ಯೇಕ ಘಟಕ ಇರುತ್ತದೆ ಎಂದು ವಿವರಿಸಿದರು.

"ಹಂಗಾರೆ ಅದನ್ನೂ ಮೇಲೆ ಬರೆದು ಹಾಕ್ರಿ" ಎಂದು ಚಿತ್ತಮ್ಮ ಪ್ರೆಸ್ಸಿಗೆ ಹೋದಳು.

ತಿಪ್ಪೆಯಲ್ಲಿ ಕರಗದ ಕವರು ನಮ್ಮ ಶೆಡ್ಡಿನ ಸೆಕೆಗೆ ಮಾತ್ರ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತಿತ್ತು. ತಂಪಿರುವ ಕಡೆ ಇಡಿ ಎಂದು ಓನರ್ ಹೇಳಿದರು. ಶೆಡ್ಡಿನಲ್ಲಿ ಗಾಳಿ ಆಡುವ ಜಾಗ ಹಿಂಬಾಗಿಲ ಸಂದಿಯೊಂದೇ. ಹಾಗಾಗಿ ಕವರಿನ ಕಟ್ಟುಗಳನ್ನೆಲ್ಲ ಅಲ್ಲಿ ಎದೆಯೆತ್ತರಕ್ಕೆ ಜೋಡಿಸಿದವಳು ನಾನು. ಭೂಮಿ ಉಳಿಸುವ ಕವರನ್ನು ಉಳಿಸಲು ನಾವು ಮನುಷ್ಯರು ಹೋಗುವ ದಾರಿ ಮುಚ್ಚಿದೆವು.

ಚಿತ್ತಮ್ಮ ದಿನಾ ಬೆಳಿಗ್ಗೆ ಕಟ್ಟುಗಳನ್ನು ಎಳೆದು ಒಂದಾಳು ಸಂದು ಮಾಡುವಳು. ನಾನು ಮಧ್ಯಾಹ್ನದೊಳಗೆ ಮತ್ತೆ ತುಂಬುವೆ. ಕೊನೆಯ ದಿನ ಖರೀದಿದಾರರು ಬರುವವರಿದ್ದರು, ಎಲ್ಲ ಅಚ್ಚುಕಟ್ಟಾಗಿರಬೇಕಿತ್ತು. ಬೆಳಿಗ್ಗೆಯೇ ಸಂದು ತುಂಬಿ ಅಗುಳಿ ಹಾಕಿದೆ.

"ಏನವ್ವ ಮೇಡಮ್ಮ, ಮುಚ್ಚಿಬಿಟ್ಟೆಯಲ್ಲ."

"ಚಿತ್ತಕ್ಕ, ಇದು ರೊಪ್ಪ ಅಲ್ಲ, ಫ್ಯಾಕ್ಟರಿ."

"ಹೂಂ. ರೊಪ್ಪದಾಗೆ ಕುರಿ ಇರ್ತವೆ. ಕುರಿ ಸತ್ರೆ ಯಜಮಾನ ಅಳ್ತಾನೆ."

ಖರೀದಿದಾರರು ನೋಡಿಕೊಂಡು ಹೋದರು. ಓನರ್ ಅವರನ್ನು ಊಟಕ್ಕೆ ಚಿತ್ರದುರ್ಗಕ್ಕೆ ಕರೆದೊಯ್ದರು. ಮಧ್ಯಾಹ್ನ ಪ್ರೆಸ್ಸಿನ ಹಿಂದಿನ ವೈರಿನಿಂದ ಕಿಡಿ ಹಾರಿ, ತಟ್ಟೆಯ ಅಂಚು ಕತ್ತರಿಸಿದ ಚೂರುಗಳ ಗುಡ್ಡೆಗೆ ಬಿತ್ತು. ಆರ್ಡರ್ ಅವಸರವೆಂದು ನಾಲ್ಕು ದಿನದಿಂದ ಆ ಗುಡ್ಡೆಯನ್ನು ಯಾರೂ ತೆಗೆದಿರಲಿಲ್ಲ. ಒಣಗಿದ ಹಾಳೆಗೆ ಬೆಂಕಿ ಹತ್ತುವುದನ್ನು ನಾನು ಮೊದಲು ನೋಡಿರಲಿಲ್ಲ. ಸದ್ದಿಲ್ಲ, ಬರೀ ಬೆಳಕು. ನೋಡುನೋಡುತ್ತಿದ್ದಂತೆ ಮುಂಬಾಗಿಲಿಗೂ ನಮಗೂ ನಡುವೆ ರಟ್ಟಿನ ಡಬ್ಬಿಗಳ ರಾಶಿ ಉರಿಯತೊಡಗಿತು.

ಹುಡುಗಿಯರು ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಚಿತ್ತಮ್ಮ ಹಿಂಬಾಗಿಲಿಗೆ ಓಡಿದಳು. ಬೆಂಕಿ ಸೂರಿನ ಕೆಳಗೆ ಹರಿದು ಮೇಲಿನ ಕಟ್ಟುಗಳಿಗೆ ತಾಗಿತ್ತು. ಕವರು ಕರಗಿ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ಒಂದು, ಇನ್ನೊಂದು, ಮತ್ತೊಂದು. ನಾನು ಜೋಡಿಸಿದ ಕಟ್ಟುಗಳು. ಅಗುಳಿ ಸರಿಸಿ ಒದ್ದಳು. ಧಡಾರ್.

ಸಂದಿನ ಪಕ್ಕ ನಿಂತು, ತೂರಿ ಹೋಗುವ ಒಬ್ಬೊಬ್ಬರ ಬೆನ್ನಿಗೂ ತಟ್ಟುತ್ತ ಎಣಿಸಿದಳು. ರೊಪ್ಪದ ಬಾಯಲ್ಲಿ ಕುರಿ ಎಣಿಸುವುದೇ ಹಾಗೆ. "ಏಳು... ಎಂಟು... ಲೇ, ಒಂದು ಕಡಿಮೆ ಐತೆ!"

ಕಡಿಮೆಯಾದದ್ದು ನಾನು. ಸ್ಟೋರಿನ ಮೇಜು ಹಿಡಿದು ನಿಂತಿದ್ದೆ. ಹೊಗೆಯೊಳಗಿಂದ ಅವಳು ಬಂದಳು. ಬಾಯಿಗೆ ಬಂದಂತೆ ಬೈಯುತ್ತ ಮೊಣಕೈಯಲ್ಲಿ ನೂಕಿಕೊಂಡು ಹೋದಳು. ಸಂದು ದಾಟುವಾಗ ಬೆನ್ನ ಮೇಲೆ ಏಟು ಬಿತ್ತು. "ಒಂಬತ್ತು." ಆ ದಿನದ ಅಂಗಿ ನನ್ನ ಹತ್ತಿರ ಇನ್ನೂ ಇದೆ. ಬೆನ್ನಿನಲ್ಲಿ ಕರಗಿದ ಕವರಿನ ಅಂಟು, ಅಂಗೈಯ ಆಕಾರದಲ್ಲಿ.

ಆಮೇಲೆ ಆದದ್ದು ಬೆಂಕಿಗಿಂತ ಕೆಟ್ಟದ್ದು. ಕೆಲಸದ ಹೆಂಗಸು ಹೇಳಿದ ಮಾತು ಕೇಳದೆ ಹಿಂಬಾಗಿಲು ತೆರೆದಳು, ಗಾಳಿ ನುಗ್ಗಿ ಬೆಂಕಿ ಹಬ್ಬಿತು, ಅದರಿಂದಲೇ ಇಷ್ಟು ನಷ್ಟ ಎಂದು ಓನರ್ ಕಾಗದ ತಯಾರಿಸಿ, ಸಾಕ್ಷಿ ಹಾಕೆಂದು ನನ್ನ ಮುಂದಿಟ್ಟರು. ಚಿತ್ತಮ್ಮ ಆಗ ಎರಡೂ ಅಂಗೈಗೆ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿದ್ದಳು. ನಾನು ಸಹಿ ಹಾಕಲಿಲ್ಲ, ಕೆಲಸ ಬಿಟ್ಟೆ. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಸುಳ್ಳಿಗೆ ಸಹಿ ಹಾಕಲಿಲ್ಲ ಅಷ್ಟೆ. ನಿಜವನ್ನು ಎಲ್ಲೂ ಬರೆದುಕೊಡಲಿಲ್ಲ. ಬರೆದರೆ ಕಟ್ಟು ಇಟ್ಟವರು ಯಾರು ಎಂಬುದನ್ನೂ ಬರೆಯಬೇಕಿತ್ತು. ಚಿತ್ತಮ್ಮನನ್ನು ಕೆಲಸದಿಂದ ತೆಗೆದರು. ಬೇರೆ ಸಾಕ್ಷಿ ಹುಡುಕಿಕೊಂಡರು.

ಮೊನ್ನೆ ಹಿರಿಯೂರಿನಲ್ಲಿ ಬಸ್ಸು ನಿಂತಾಗ ಹೆದ್ದಾರಿಯ ಅಂಗಡಿಯೊಂದರಲ್ಲಿ ಅದೇ ತಟ್ಟೆಗಳ ಡಬ್ಬಿ ಕಂಡೆ. ಕಾಗದದ ಪಟ್ಟಿಯ ಮೇಲೆ ಮಣ್ಣು ಹಚ್ಚಿಕೊಂಡ ಎರಡು ಕೈ, ಮಣಿಕಟ್ಟಿನಲ್ಲಿ ಚೇಳು. ಕೆಳಗೆ, 'ಈ ಕೈಗಳು ಭೂತಾಯಿಯನ್ನು ಕಾಯುತ್ತವೆ.' ಏನು ಬೇಕು ಮೇಡಂ ಎಂದು ಅಂಗಡಿಯವನು ಎರಡು ಸಲ ಕೇಳಿದ. ಡಬ್ಬಿ ಕೊಂಡು, ಪಟ್ಟಿ ಹರಿದುಕೊಂಡು, ಚಿತ್ರದುರ್ಗದ ಬಸ್ಸು ಬಿಟ್ಟು, ಶ್ರೀರಾಂಪುರಕ್ಕೆ ಹೋದೆ.

ಸಂಜೆಯಾಗಿತ್ತು. ಚಿತ್ತಮ್ಮ ರೊಪ್ಪದ ಬಾಯಲ್ಲಿ ನಿಂತು ಕುರಿ ಎಣಿಸುತ್ತಿದ್ದಳು. ಬೆರಳುಗಳು ಅಂಗೈಗೆ ಮುದುರಿಕೊಂಡು ಬಿಟ್ಟಿದ್ದವು; ಮಣಿಕಟ್ಟಿನಿಂದ ಮುಟ್ಟಿ ಎಣಿಸುತ್ತಿದ್ದಳು. "ಬಾರವ್ವ, ಕುಂತ್ಕ. ಲೆಕ್ಕ ತಪ್ಪಿಸಬ್ಯಾಡ" ಅಂದಳು.

ಎಣಿಕೆ ಮುಗಿದ ಮೇಲೆ ಪಟ್ಟಿ ತೋರಿಸಿದೆ. ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಕೈ ಚೆನ್ನಾಗವೆ. ಯಾರ್ದವ್ವ?"

ನಗಲಿಲ್ಲ. ನಾನೂ ನಗಲಿಲ್ಲ. ಕಟ್ಟು ಇಟ್ಟದ್ದು, ಅಗುಳಿ ಹಾಕಿದ್ದು ಎಲ್ಲ ತೊದಲುತ್ತ ಹೇಳಿದೆ.

"ಗೊತ್ತೈತೆ ಬಿಡು. ಮುಚ್ಚಿಬಿಟ್ಟೆಯಲ್ಲ ಅಂತ ಅವತ್ತೇ ನಿನ್ನ ಕೇಳಿರ್ಲಿಲ್ವೇನು ನಾನು? ನನ್ನ ಹತ್ರ ಹೇಳಿ ಏನಾಗಬೇಕು? ಬರೆಯಾಕೆ ಬರೋಳು ನೀನು. ಹೇಳೋ ಕಡೆ ಹೇಳು." ಆಮೇಲೆ ತಲೆ ಎತ್ತಿ ಕೇಳಿದಳು. "ಶೆಡ್ಡು ಮತ್ತೆ ಎಬ್ಬಿಸ್ಯಾರಂತೆ. ಹಿಂದ್ಲ ಬಾಗ್ಲು ಐತೇನು?"

"ಗೊತ್ತಿಲ್ಲ ಚಿತ್ತಕ್ಕ."

"ಮೊದ್ಲು ನೋಡ್ಕೊಂಡು ಆಮೇಲೆ ಬರಿ. ಆ ಹೆಣ್ಮಕ್ಕಳು ಇನ್ನೂ ಅಲ್ಲೇ ಅವರೆ."

ನಾನು ಹೊರಟಾಗ ಅವಳು ರೊಪ್ಪದ ಹಿಂದಕ್ಕೆ ಹೋಗಿದ್ದಳು. ಮುಳ್ಳಿನ ಬೇಲಿಗೆ ಒದೆ ಬಿದ್ದ ಸದ್ದು ಕೇಳಿತು.

ಮರುದಿನ ಹೊಸ ಶೆಡ್ಡಿನ ಹಿಂದಕ್ಕೆ ಹೋದೆ. ಬಾಗಿಲು ಇತ್ತು, ಹೊಸ ಹಸಿರು ಬಣ್ಣದ್ದು. ಅದರ ಬುಡದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ತಗಡಿಗೆ ಒರಗಿತ್ತು. ಎಳೆದೆ, ಅಲುಗಲಿಲ್ಲ. ಬಡಿದೆ. ಒಳಗಿನಿಂದ ಹುಡುಗಿಯೊಬ್ಬಳು ಕೂಗಿದಳು:

"ಯಾರ್ರೀ ಅದು? ಮುಂದ್ಲಿಂದ ಬರ್ರಿ. ಈ ಕಡೆ ಮಾಲು ಐತೆ."

ಅಲ್ಲೇ ಕಲ್ಲಿನ ಮೇಲೆ ಕುಳಿತು ಬರೆಯಲು ತೊಡಗಿದೆ. ಮೊದಲ ಸಾಲು: ಹಿಂಬಾಗಿಲಿಗೆ ಅಂದು ಕಟ್ಟುಗಳನ್ನು ಜೋಡಿಸಿದವಳು ನಾನು.