ಎರ್ಸಿಲಿಯಾಳ ಎಡಗೈ

ಎರ್ಸಿಲಿಯಾ ತೇಹಾದಾಳ ಎಡಗೈ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಅವಳದನ್ನೂ. ಅವಳ ಊರು ಸಾಂತಿಯಾಗೊದಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಕಾಲೇಜು ಕಚೇರಿಯಲ್ಲಿ ಟೈಪು ಮಾಡುತ್ತಲೇ ತಲೆ ನರೆತವಳು ಅವಳು. ಮಾಡಿದ ಕೆಲಸವೆಲ್ಲ ಎಷ್ಟೋ ಸಲ ನೀರಿನಲ್ಲಿ ಹೋಮವಾದ ಮೇಲೆ, ಒಂದೊಂದು ವಾಕ್ಯ ಮುಗಿದಾಗಲೂ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಿಕೊಳ್ಳುವುದನ್ನು ಕಲಿತಿದ್ದಳು. ಈಗ ಊಟದ ಮೇಜಿನಲ್ಲಿ ಪ್ರಾರ್ಥನೆ ಮುಗಿದರೂ ಆ ಕೈ ತನ್ನಷ್ಟಕ್ಕೆ ಎರಡು ಬೆರಳು ಒತ್ತುತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನ ಮಿರೇಯಾ ಅದನ್ನು ಕಂಡು ನಗದ ದಿನವಿಲ್ಲ.

ಮನಸ್ಸಿನ ಮಾತನ್ನೂ ಎರ್ಸಿಲಿಯಾ ಹೀಗೇ ಉಳಿಸಿಕೊಂಡು ಐವತ್ತು ದಾಟಿದ್ದಳು. ದಕ್ಷಿಣದ ಕಡಲೂರು ಬರಾಓನಾದಲ್ಲಿದ್ದ ಕಾಲೇಜಿನ ಶಾಖೆಯಲ್ಲಿ ಲಿಬ್ರಾದೊ ಎಂಬ ಗುಮಾಸ್ತನಿದ್ದ. ಹೆಂಡತಿ ತೀರಿಕೊಂಡವನು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲು ಇಲ್ಲಿಗೆ ಬರುತ್ತಿದ್ದ; ಉಳಿದಂತೆ ಕಚೇರಿ ಕೆಲಸದ ನೆಪದಲ್ಲಿ ವರ್ಷಗಟ್ಟಲೆ ಇವಳಿಗೆ ಫೋನು ಮಾಡಿದ್ದ. ಖರ್ಚು ಕಂಡು ಕಂಗಾಲಾದ ನಿರ್ದೇಶಕರು ಫೋನಿಗೆ ಬೀಗ ಜಡಿಸಿ, ಎರಡೂ ಕಡೆಯ ಕಂಪ್ಯೂಟರ್ ಟರ್ಮಿನಲ್ಲಿಗೆ ಟೈಪಿಸಿ ಮಾತಾಡುವ ಹರಟೆಯ ಪ್ರೋಗ್ರಾಂ ಹಾಕಿಸಿದರು. ಬಾಯಲ್ಲಿ ಬಾರದ್ದನ್ನು ಅವನು ಆ ಬೆಳಿಗ್ಗೆಯೇ ಬರೆದುಬಿಟ್ಟ: ಭಾನುವಾರ ನಿಮ್ಮ ತಾಯಿಯವರ ಹತ್ರ ಹೆಣ್ಣು ಕೇಳೋಕೆ ಬರಲಾ? ಬೇಡ ಅಂದ್ರೆ ಇನ್ನು ಈ ಮಾತು ಎತ್ತಲ್ಲ.

ಅವಳು ಬಿಗುಮಾನದಿಂದ, ಯೋಚನೆ ಮಾಡಿ ಹೇಳ್ತೀನಿ ಎಂದು ಕಳಿಸಿದಳು. ಎಡಗೈ ತನ್ನ ಕೆಲಸ ಮಾಡಿತು. ಪರದೆ ಕಲ್ಲಾಯಿತು.

ಯಾವ ಕೀಲಿ ಒತ್ತಿದರೂ ಒಂದಕ್ಷರ ಮೂಡಲಿಲ್ಲ. ಕೀಬೋರ್ಡನ್ನು ಬೋರಲು ಹಾಕಿ ಬಡಿದಳು. ಬಾಳೆಕಾಯಿ ಚಿಪ್ಸಿನ ಚೂರು ಉದುರಿತು, ಅಷ್ಟೆ. ತಂತಿ ಅದುಮಿ ನೋಡಿದಳು. ಇವಳ ಮೌನವನ್ನೇ ಬೇಡವೆಂದು ತಿಳಿದು ಆ ಮನುಷ್ಯ ಎದ್ದು ಹೋದರೆ? ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಸಿಟ್ಟಿಗೆ ಕೀಬೋರ್ಡನ್ನೇ ಬೈದು ಟೈಪಿಸಿದಳು. ಸತ್ತ ಕೀಬೋರ್ಡು, ಓದುವವರು ಯಾರು ಎಂಬ ಧೈರ್ಯದಲ್ಲಿ ಹೊಟ್ಟೆಯೊಳಗಿನದನ್ನೆಲ್ಲ ಟೈಪಿಸಿ ಎಂಟರ್ ಕುಟ್ಟಿದಳು.

ಕಾಫಿ ಹಿಡಿದು ಬಂದ ಮಿರೇಯಾ, ಪರದೆ ನಿಲ್ಲೋ ಮೊದಲು ಏನು ಒತ್ತಿದೆ ಎಂದು ಕೇಳಿದಳು. ಏನೂ ಒತ್ತಿಲ್ಲವೆಂದು ಎರ್ಸಿಲಿಯಾ ಮಾತೆ ಮೇರಿಯ ಮೇಲೆ ಆಣೆಯಿಟ್ಟಳು. ಆಣೆ ಮುಗಿದದ್ದೇ ತಡ, ಎಡಗೈ ಎರಡು ಬೆರಳು ಒತ್ತಿತು.

"ಅಕ್ಕಾ, ಇಲ್ಲಿ ಅದನ್ನ ಒತ್ತಿದ್ರೆ ಉಳಿಯಲ್ಲ, ಪರದೆ ನಿಂತುಬಿಡುತ್ತೆ. ಕೀಬೋರ್ಡಿಗೆ ಏನೂ ಆಗಿಲ್ಲ. ನೀನು ಬರೆದಿದ್ದೆಲ್ಲ ಆಗಲೇ ಹೋಗಿರುತ್ತೆ."

"ಹೋಗಿರುತ್ತೆ ಅಂದ್ರೆ ಎಲ್ಲಿಗೆ?"

"ಬರಾಓನಾಕ್ಕೆ."

ನಿಂತ ಪರದೆಯನ್ನು ಬಿಡಿಸಲು ಮಿರೇಯಾ ಕಂಟ್ರೋಲ್ ಮತ್ತು ಕ್ಯೂ ಒತ್ತಿದಳು. ಸಾಲುಗಳು ದಡದಡನೆ ಇಳಿದವು.

ಎರ್ಸಿಲಿಯಾ: ಸತ್ತಿದೀಯಾ ಬದುಕಿದೀಯಾ, ದರಿದ್ರದ್ದೇ?

ಲಿಬ್ರಾದೊ: ಬದುಕಿದೀನಿ.

ಎರ್ಸಿಲಿಯಾ: ಹೇಸರಗತ್ತೆ, ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ? ಕಾದು ಕಾದು ಸಾಕಾಯ್ತು. ಬಾ. ಆ ಹಳದಿ ಅಂಗಿ ಮಾತ್ರ ಬೇಡ.

ಲಿಬ್ರಾದೊ: ಈಗ ಅದನ್ನೇ ಹಾಕ್ಕೊಂಡಿದೀನಿ. ಭಾನುವಾರ ಬಿಳೀದು.

ಮಿರೇಯಾ ಕಾಫಿ ಚೆಲ್ಲುವಂತೆ ನಕ್ಕಳು. ಎರ್ಸಿಲಿಯಾ ಕಿವಿಯವರೆಗೂ ಕೆಂಪಾದಳು, ಆದರೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನೊಂದಷ್ಟು ಸಾಲು ಬಂದರೆ ಈ ಮಾತುಗಳು ಮೇಲಕ್ಕೆ ಸರಿದು ಕಾಣದಂತಾಗುತ್ತವೆ. ಅವಳು ಎಡಗೈಯನ್ನು ಮೆಲ್ಲಗೆ ಕೀಬೋರ್ಡಿನ ಮೇಲಿಟ್ಟು, ಈ ಸಲ ಬೇಕೆಂದೇ, ಕಂಟ್ರೋಲ್ ಮತ್ತು ಎಸ್ ಒತ್ತಿದಳು. ಮಧ್ಯಾಹ್ನ ಕರೆಂಟ್ ಹೋಗುವ ತನಕ ಆ ಸಾಲುಗಳು ಹಾಗೇ ನಿಂತಿದ್ದವು.